ಬಚ್ಚಲ ಬಾಗಿಲಲ್ಲಿ ಶಿವನಂಜಪ್ಪನವರು

ಶಿವನಂಜಪ್ಪನವರು ಯಾರ ಮನೆಗೆ ಹೋದರೂ ಆ ಮನೆಯವರನ್ನೇ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಿದ್ದರು. ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಫ್ಲಾಟಿಗೆ ನಾನು ಕೆಲಸ ಮುಗಿಸಿ ಮರಳಿದಾಗ ಎಷ್ಟೋ ಸಲ ಬಾಗಿಲು ತೆರೆದವರು ಅವರೇ. ಕೆಳಗಿನ ಮಹಡಿಯಿಂದ ಪೇಪರ್ ಓದಲು ಬಂದು ಕೂತಿರುತ್ತಿದ್ದರು. ಬೆಲ್ ಆದೊಡನೆ ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಬಾಗಿಲು ತೆಗೆದು, ನನ್ನ ಕೈಚೀಲಕ್ಕೆ ಕೈ ಚಾಚಿ, "ಬನ್ನಿ ಬನ್ನಿ, ಪ್ರಯಾಣ ಸುಖವಾಗಿತ್ತಾ?" ಎನ್ನುತ್ತಿದ್ದರು. ಕರೋಲ್ ಬಾಗ್‌ನಿಂದ ಮೆಟ್ರೊದಲ್ಲಿ ನಿಂತುಕೊಂಡು ಬಂದವಳು ಇದಕ್ಕೆ ಏನು ಹೇಳಬೇಕು? ಸುಖವಾಗಿತ್ತು ಎಂದು ಹೇಳಿ, ನನ್ನ ಮನೆಯೊಳಗೆ ಅತಿಥಿಯಂತೆ ಕಾಲಿಡುತ್ತಿದ್ದೆ.

ಚಾಣಕ್ಯಪುರಿಯ ಅತಿಥಿಗೃಹವೊಂದರಲ್ಲಿ ಬಂದವರನ್ನು ಬರಮಾಡಿಕೊಳ್ಳುವುದೇ ಅವರ ನೌಕರಿಯಾಗಿತ್ತು. ವಿಮಾನ ನಿಲ್ದಾಣಕ್ಕೆ ಹೋಗಿ ಕರೆತರುವುದು, ಕೋಣೆ ತೋರಿಸುವುದು, ಕಾಫಿಗೆ ಸಕ್ಕರೆ ಎಷ್ಟೆಂದು ಕೇಳುವುದು, ಕೊನೆಗೆ ಕಾರಿನ ಬಾಗಿಲು ಮುಚ್ಚಿ ಕೈಮುಗಿಯುವುದು. ಮನುಷ್ಯರ ಬಗ್ಗೆ ಅವರಿಗೆ ಗೊತ್ತಿದ್ದುದೆಲ್ಲ ಕೋಣೆ ಹೊಕ್ಕ ಮೊದಲ ಗಳಿಗೆಯಲ್ಲಿ ಕಂಡದ್ದು. "ನೋಡಮ್ಮ, ಮಂತ್ರಿಯಾದೋರು ಮೊದಲು ಎಸಿ ನೋಡ್ತಾರೆ. ಮಂತ್ರಿ ಆಗ್ಬೇಕು ಅಂತಿರೋರು ಕಿಟಕಿಯಿಂದ ಹೊರಗೆ ನೋಡ್ತಾರೆ. ಖಾತೆ ಕಳ್ಕೊಂಡೋರು ಮಂಚದ ಮೇಲೆ ಕೂತು ತಮ್ಮ ಚಪ್ಪಲಿ ನೋಡ್ಕೋತಾರೆ." ಇದನ್ನು ಇನ್ನೊಂದು ಮೂಲದಿಂದ ದೃಢಪಡಿಸಿಕೊಳ್ಳುವ ದಾರಿ ವರದಿಗಾರ್ತಿಯಾದ ನನಗಿರಲಿಲ್ಲ. ಆದರೆ ಆಮೇಲೆ ಹಲವು ಪತ್ರಿಕಾಗೋಷ್ಠಿಗಳಲ್ಲಿ ನಾನು ಚಪ್ಪಲಿ ನೋಡಿಕೊಳ್ಳುವವರನ್ನು ಹುಡುಕಿದ್ದುಂಟು.

ನಿವೃತ್ತಿಯಾದ ಮೇಲೂ ಅವರು ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಹೊಸ್ತಿಲು ದಾಟಿದವರಲ್ಲ. ಗ್ಯಾಸ್ ಸಿಲಿಂಡರ್ ತರುವ ಭಯ್ಯಾನನ್ನೂ ಲಿಫ್ಟಿನವರೆಗೆ ಹೋಗಿ ಬೀಳ್ಕೊಡುತ್ತಿದ್ದರು. ಅವರ ಹೆಂಡತಿ ಗಿರಿಜಮ್ಮನವರು ಹೇಳುತ್ತಿದ್ದರು: "ಇವರಿಗೆ ಯಾರಾದ್ರೂ ಬರ್ತಾ ಇರ್ಬೇಕು, ಇಲ್ಲಾ ಹೋಗ್ತಾ ಇರ್ಬೇಕು. ಮನೇಲಿ ಸುಮ್ನೆ ಇರೋರನ್ನ ಕಂಡ್ರೆ ಏನು ಮಾಡ್ಬೇಕು ಅಂತ್ಲೇ ಗೊತ್ತಾಗಲ್ಲ. ನಾನು ಅದೇ, ಸುಮ್ನೆ ಇರೋಳು."

ಅವರ ಎಲ್ಲ ತತ್ತ್ವಗಳಿಗೂ ಮೇಲಿನ ತತ್ತ್ವ ಒಂದಿತ್ತು. ಹೊಸ ಜಾಗಕ್ಕೆ ಬಂದವರನ್ನು ಒಂಟಿಯಾಗಿ ಬಿಡಬಾರದು. ಒಂಟಿ ಬಿಟ್ಟರೆ ಅವರಿಗೆ ಊರು ನೆನಪಾಗುತ್ತದೆ, ಊರು ನೆನಪಾದರೆ ಊಟ ಸೇರುವುದಿಲ್ಲ. ಇದನ್ನು ಅವರು ನಮ್ಮ ಆಮೆಗೂ ಅನ್ವಯಿಸಿದ್ದರಿಂದ ಮುಂದಿನದೆಲ್ಲ ನಡೆಯಿತು.

ಆಮೆ ನಮ್ಮದಲ್ಲ, ಶಾಲಿನಿಯವರದು. ಧಾರವಾಡ ಕಡೆಯ ಅವರು ಕೇಂದ್ರ ಸರ್ಕಾರದಲ್ಲಿ ಅಧಿಕಾರಿ. ಸುದ್ದಿಯ ಕೆಲಸದಲ್ಲಿ ನನಗೆ ಪರಿಚಯವಾದವರು. ಅವರಿಗೆ ವಿದೇಶಕ್ಕೆ ವರ್ಗವಾಗಿತ್ತು. ಆಮೆಯನ್ನು ಜೊತೆಗೆ ಒಯ್ಯುವಂತಿರಲಿಲ್ಲ. ನಮ್ಮ ದೇಶದ ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಇದು ದಕ್ಷಿಣ ಅಮೆರಿಕ ಮೂಲದ್ದು, ಕಾಲ ಮೇಲೆ ಕೆಂಪು ಚುಕ್ಕೆಗಳಿದ್ದವು, ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಅದನ್ನು ನಾನು ಮೊದಲೇ ನೋಡಿಕೊಂಡಿದ್ದೆ. ಹೆಸರು ಒಟ್ಟೊ. ನಾಯಿ ಬೇಕೆಂದು ಹಟ ಹಿಡಿದು ಸೋತಿದ್ದ ನನ್ನ ಮಗಳು ಇಂಚರ, ಆಗ ನಾಲ್ಕನೇ ಕ್ಲಾಸು, ಒಟ್ಟೊನ ಫೋಟೊ ಕಂಡ ದಿನದಿಂದ ನಾಯಿಯ ಮಾತು ಎತ್ತಲಿಲ್ಲ. ಶಾಲಿನಿಯವರದು ಒಂದೇ ಷರತ್ತು. ತಾವು ತಿಂಗಳ ಕೊನೆಗೆ ಹೊರಡುವ ಮುನ್ನ ಒಟ್ಟೊ ನಮ್ಮ ಮನೆಗೆ ಹೊಂದಿಕೊಂಡಿರಬೇಕು. ಇಲ್ಲವಾದರೆ ಗುರುಗ್ರಾಮದಲ್ಲಿ ಕೇಳಿದವರೊಬ್ಬರಿದ್ದಾರೆ, ಅವರಿಗೆ ಕೊಡುವುದು.

ಒಟ್ಟೊ ಬರುವ ಸಮಯವನ್ನು ನಾನು ಶಿವನಂಜಪ್ಪನವರಿಗೆ ಹೇಳಬಾರದಿತ್ತು. ಶಾಲಿನಿಯವರ ಡ್ರೈವರ್ ಪೆಟ್ಟಿಗೆ ಹಿಡಿದು ಇಳಿದಾಗ ಅವರು ಚೆಂಡುಹೂವಿನ ಹಾರ ಹಿಡಿದು ಗೇಟಿನಲ್ಲಿ ನಿಂತಿದ್ದರು. ಹಾರ ಹಾಕಲು ಕೊರಳು ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು, ಚಿಪ್ಪಿನ ಮೇಲೆ ಇಟ್ಟು ಕೈಮುಗಿದರು. "ಸಾಹೇಬ್ರಿಗೆ ದಣಿವಾಗಿದೆ" ಎಂದರು. ಆವತ್ತಿನಿಂದ ಒಟ್ಟೊ ಅವರಿಗೆ ಸಾಹೇಬರೇ.

ಆಮೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಬೇಕೆಂದು ಪಶುವೈದ್ಯರು ಹೇಳಿದ್ದರು. ನೀರು ಗದ್ದ ಮುಟ್ಟುವಷ್ಟು ಇದ್ದರೆ ಸಾಕು. ಹಾಗೆ ಕೂತಾಗಲೇ ಅದು ಚೆನ್ನಾಗಿ ನೀರು ಕುಡಿಯುವುದು. ಹೊಸ ಜಾಗವಾದ್ದರಿಂದ ಗಲಾಟೆ ಬೇಡ ಎಂದೂ ಹೇಳಿದ್ದರು. ಗಲಾಟೆ ಎಂದರೆ ಶಬ್ದ ಎಂದು ಶಿವನಂಜಪ್ಪನವರು ಅರ್ಥ ಮಾಡಿಕೊಂಡರು. ಹೀಗಾಗಿ ಮೊದಲ ಸ್ನಾನದ ದಿನ ನಾವು ನಾಲ್ವರೂ, ಅಂದರೆ ಅವರು, ಗಿರಿಜಮ್ಮ, ಇಂಚರ ಮತ್ತು ನಾನು, ನಮ್ಮ ಬಚ್ಚಲಮನೆಯಲ್ಲಿ ಟಬ್ಬಿನ ಸುತ್ತ ಸಾಲಾಗಿ, ಸದ್ದಿಲ್ಲದೆ, ಕೈಕಟ್ಟಿ ನಿಂತೆವು. ಯಾರಾದರೂ ಬಾಗಿಲಲ್ಲಿ ಇಣುಕಿದ್ದರೆ ಶ್ರದ್ಧಾಂಜಲಿ ಸಭೆ ಎಂದುಕೊಳ್ಳುತ್ತಿದ್ದರು. ಒಟ್ಟೊ ತಲೆಯನ್ನೂ ನಾಲ್ಕು ಕಾಲುಗಳನ್ನೂ ಒಳಗೆಳೆದುಕೊಂಡು ಟಬ್ಬಿನ ತಳದಲ್ಲಿ ಕಲ್ಲಿನಂತೆ ಕೂತಿತು.

"ನೀರು ಬಿಸಿ ಸಾಕಾ ಸಾರ್?" ಎಂದು ಶಿವನಂಜಪ್ಪನವರು ಬಗ್ಗಿ ಕೇಳಿದರು.

"ನಮ್ಮತ್ತೆ ಕಡಲೆಕಾಳು ನೆನೆಹಾಕಿದಾಗಲೂ ಇಷ್ಟು ಜನ ನಿಂತು ನೋಡಿರ್ಲಿಲ್ಲ" ಎಂದು ಗಿರಿಜಮ್ಮ ಒಳಗೊಳಗೇ ಗೊಣಗಿದರು.

ಎರಡನೆಯ ಸಲ ಒಟ್ಟೊಗೆ ಧೈರ್ಯ ಬಂದಿತು, ಆದರೆ ಕುಡಿಯುವ ಧೈರ್ಯವಲ್ಲ. ಟಬ್ಬಿನ ಗೋಡೆ ಹತ್ತಲು ಪರಪರ ಕೆರೆದು, ಟಬ್ಬನ್ನೇ ಮಗುಚಿ, ನೀರನ್ನು ಶಿವನಂಜಪ್ಪನವರ ಇಸ್ತ್ರಿ ಪ್ಯಾಂಟಿನ ಮೇಲೆ ಚೆಲ್ಲಿ, ವಾಷಿಂಗ್ ಮಷಿನ್ನಿನ ಹಿಂದೆ ಸೇರಿಕೊಂಡಿತು. ಅವರು ಒದ್ದೆ ಪ್ಯಾಂಟಿನಲ್ಲೇ ಅಲ್ಲಿ ನೆಲಕ್ಕೆ ಕೂತು, ಮಷಿನ್ನಿನ ಸಂದಿಗೆ ಮುಖವಿಟ್ಟು, ರೋಹಿಣಿಯ ಹವೆ, ಹತ್ತಿರದ ಮಾರುಕಟ್ಟೆ, ಮೆಟ್ರೊ ಸೌಲಭ್ಯ ಇವುಗಳ ಬಗ್ಗೆ ತಿಳಿಸಿಕೊಟ್ಟರು. ಮುನಿಸಿಕೊಂಡ ಅತಿಥಿಗಳಿಗೆ ಊರಿನ ಪರಿಚಯ ಮಾಡಿಕೊಟ್ಟರೆ ಸರಿಹೋಗುತ್ತಾರಂತೆ. ಒಟ್ಟೊನನ್ನು ಹೊರಗೆ ತರಲು ಪ್ಲಂಬರ್ ಭಯ್ಯಾ ಬರಬೇಕಾಯಿತು.

ಇಷ್ಟರಲ್ಲಿ ವಾರ ಕಳೆದಿತ್ತು. ಸೊಪ್ಪು ಅರೆಬರೆ ತಿನ್ನುತ್ತಿತ್ತು. ನೀರಿಗೆ ಬಾಯಿಡುತ್ತಿರಲಿಲ್ಲ. ಕಣ್ಣು ಗುಳಿಬಿದ್ದಂತೆ ಕಾಣುತ್ತಿತ್ತು. ಇಂಚರ ಶಾಲೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ಅದರ ಮುಂದೆ ಬೋರಲು ಬೀಳುತ್ತಿದ್ದಳು. ನಾನು ಇದ್ದುದನ್ನು ಇದ್ದಂತೆ ಶಾಲಿನಿಯವರಿಗೆ ಫೋನಿನಲ್ಲಿ ತಿಳಿಸಿದೆ. ಅವರೂ ಇದ್ದುದನ್ನು ಇದ್ದಂತೆ ಹೇಳಿದರು: "ಹಿಂಗ ನೀರ ಕುಡೀದ ಇದ್ರ ನಾ ಬಿಟ್ಟ ಹೋಗೂದಿಲ್ರಿ. ಗುರುಗ್ರಾಮದಾಗ ಅವರ ಮನ್ಯಾಗ ತೋಟ ಐತಿ. ಭಾನುವಾರ ನಾನೇ ಬಂದು ಕಣ್ಲೆ ನೋಡ್ತೀನಿ. ಕುಡದ್ರ ನಿಮ್ಮದು, ಇಲ್ಲಂದ್ರ ನನ್ನ ಜೋಡಿ ಕರ್ಕೊಂಡ್ ಹೋಗ್ತೀನಿ." ಸ್ಪೀಕರಿನಲ್ಲಿ ಇದನ್ನು ಕೇಳಿಸಿಕೊಂಡ ಇಂಚರ ಆ ರಾತ್ರಿ ಊಟ ಬಿಟ್ಟಳು.

ಒಗಟು ಬಿಡಿಸಿದವರು ಗಿರಿಜಮ್ಮ. ಅದೂ ಬಿಡಿಸುವ ಉದ್ದೇಶದಿಂದಲ್ಲ. ಮರುದಿನ ಸಂಜೆ ಶಿವನಂಜಪ್ಪನವರು ಎಂದಿನಂತೆ ಬಚ್ಚಲ ಬಾಗಿಲಲ್ಲಿ ಕೈಕಟ್ಟಿ ನಿಂತು ಟಬ್ಬಿನಲ್ಲಿದ್ದ ಒಟ್ಟೊನನ್ನು ನೋಡುತ್ತಿದ್ದಾಗ ಅವರು ಅಡುಗೆಮನೆಯಲ್ಲಿ ನನ್ನೊಂದಿಗೆ ಹೇಳಿದರು: "ನಾನು ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲೂ ಇವರು ಹೀಗೇ. ಬಚ್ಚಲ ಹೊರಗೆ ನಿಂತು, ನೀರು ಬಿಸಿ ಸಾಕಾ, ಸೋಪು ಸಿಕ್ತಾ, ಟವೆಲು ಇದೆಯಾ. ನಾಲ್ಕು ದಿನ ನಾನು ಸ್ನಾನವೇ ಮಾಡ್ಲಿಲ್ಲಮ್ಮ. ಸುಮ್ನೆ ಮಗ್ಗಿನಲ್ಲಿ ನೀರು ಸುರಿದು ಸದ್ದು ಮಾಡಿ ಈಚೆ ಬರ್ತಿದ್ದೆ."

ಅಲ್ಲೇ ಕೂತಿದ್ದ ಇಂಚರ ತಿರುಗಿ ನೋಡಿದಳು. "ಅಜ್ಜಿ, ತಾತನ್ನ ಬಾಹರ್ ಕರ್ಕೊಂಡು ಹೋಗಿ, ಪ್ಲೀಸ್" ಎಂದಳು.

ಗಿರಿಜಮ್ಮ ಗಂಡನ ಕೈಗೆ ಚೀಲ ಕೊಟ್ಟು ತರಕಾರಿಗೆ ಹೊರಡಿಸಿದರು. ನಾವಿಬ್ಬರೂ ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಸಂದಿಯಿಂದ ಇಣುಕಿದೆವು. ಒಟ್ಟೊ ಕೊರಳನ್ನು ಪೂರ್ತಿ ಚಾಚಿ, ಮೂಗಿನವರೆಗೆ ನೀರಿನಲ್ಲಿಳಿಸಿ ಕೂತಿತ್ತು. ಗಂಟಲು ಮೆಲ್ಲಗೆ ಏರಿಳಿಯುತ್ತಿತ್ತು. "ಅಮ್ಮಾ, ಪೀ ರಹಾ ಹೈ" ಎಂದು ಇಂಚರ ನನ್ನ ಕಿವಿಯಲ್ಲಿ ಉಸಿರಿದಳು. ಕುಡಿದು ಮುಗಿಸಿದ ಮೇಲೆ ಅದು ಅದೇ ನೀರಿನಲ್ಲಿ ಧಾರಾಳವಾಗಿ ಗಲೀಜು ಮಾಡಿತು. ಆಮೆಗೆ ನೆಮ್ಮದಿಯಾದ ಲಕ್ಷಣ ಅದು ಎಂದು ವೈದ್ಯರು ನಂತರ ಹೇಳಿದರು.

ತರಕಾರಿ ಚೀಲದೊಂದಿಗೆ ಬಂದ ಶಿವನಂಜಪ್ಪನವರಿಗೆ ಇಂಚರ ಕುಣಿಯುತ್ತ ಸುದ್ದಿ ಹೇಳಿದಳು. ಮಕ್ಕಳಿಗೆ ಸುದ್ದಿಯನ್ನು ಎಡಿಟ್ ಮಾಡಿ ಹೇಳುವ ಅಭ್ಯಾಸವಿರುವುದಿಲ್ಲ. "ತಾತ, ನೀವು ಹೋದ್ರಲ್ಲಾ, ಅದಕ್ಕೇ ಕುಡಿದ" ಎಂದುಬಿಟ್ಟಳು. ಅವರು "ಅಚ್ಛಾ" ಎಂದರು. ಮೆಂತ್ಯದ ಕಟ್ಟನ್ನು ಚೀಲದಿಂದ ತೆಗೆದು, ಮತ್ತೆ ಚೀಲಕ್ಕೇ ಹಾಕಿ, ಕೆಳಗೆ ಹೋದರು. ಮರುದಿನ ಪೇಪರ್ ಓದಲು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮನೆಯ ಬೀಗ ನಾನೇ ತೆಗೆದು ಒಳಗೆ ಬಂದೆ. ಪ್ರಯಾಣ ಹೇಗಿತ್ತೆಂದು ಯಾರೂ ಕೇಳಲಿಲ್ಲ.

ಶನಿವಾರ ನಾನೇ ಕೆಳಗಿಳಿದು ಹೋದೆ. ನಮ್ಮ ಭಯ ತಿಳಿಸಿದೆ. ಶಾಲಿನಿಯವರು ನೇರವಾಗಿ ಬಚ್ಚಲಿಗೆ ನುಗ್ಗಿ ಟಬ್ಬಿನ ಮೇಲೆ ಬಗ್ಗಿದರೆ ಒಟ್ಟೊ ಮತ್ತೆ ಕಲ್ಲಾಗುತ್ತದೆ. ಕುಡಿದದ್ದಕ್ಕೆ ಸಾಕ್ಷಿ ನಮ್ಮ ಮಾತು ಮಾತ್ರ, ಅವರು ಅದನ್ನು ಒಪ್ಪುವವರಲ್ಲ. ಶಿವನಂಜಪ್ಪನವರು ಮಂಚದ ಮೇಲೆ ಕೂತು ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಎಲ್ಲ ಕೇಳಿದ ಮೇಲೆ ತಲೆಯೆತ್ತಿದರು.

"ಸಾಹೇಬ್ರಿಗೆ ಎಷ್ಟು ಹೊತ್ತು ಬೇಕು?"

"ಕಾಲು ಗಂಟೆ. ಒಬ್ಬನೇ ಇರಬೇಕು."

"ಒಳಗಿನ ಕೆಲಸ ನನಗೆ ಗೊತ್ತಾಗಲಿಲ್ಲಮ್ಮ, ಒಪ್ತೀನಿ. ಹೊರಗಿಂದು ನನಗೆ ಬಿಡಿ."

ಭಾನುವಾರ ಶಾಲಿನಿಯವರ ಕಾರಿನ ಬಾಗಿಲು ತೆರೆದದ್ದು ಶಿವನಂಜಪ್ಪನವರೇ. ಲಿಫ್ಟಿನಲ್ಲಿ ನಮ್ಮ ಮಹಡಿಯ ಗುಂಡಿ ಒತ್ತುವ ಬದಲು ತಮ್ಮ ಮಹಡಿಯದನ್ನು ಒತ್ತಿದರು. "ಮೇಡಂ, ಸಾಹೇಬ್ರು ಸ್ನಾನದಲ್ಲಿದ್ದಾರೆ. ಐದು ನಿಮಿಷ ಕೂತ್ಕೊಳಿ, ಕಾಫಿ ತಗೊಳಿ, ನಾನೇ ಕರ್ಕೊಂಡು ಹೋಗ್ತೀನಿ" ಎಂದರಂತೆ. ಎಷ್ಟೋ ಮಂತ್ರಿಗಳ ಕೋಣೆಯ ಹೊರಗೆ ಎಷ್ಟೋ ಅಧಿಕಾರಿಗಳಿಗೆ ಹೇಳಿದ್ದ ಅದೇ ದನಿ. ಶಾಲಿನಿಯವರು ಅಭ್ಯಾಸಬಲದಿಂದ ಕೂತುಬಿಟ್ಟರು.

ಅಲ್ಲಿ ನಡೆದದ್ದನ್ನು ನನಗೆ ಗಿರಿಜಮ್ಮ ಹೇಳಿದ್ದಾರೆ. ಮೇಡಂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತಿಥಿಗೃಹಕ್ಕೆ ಬಂದದ್ದು, ಅವರ ಸೂಟ್‌ಕೇಸಿನ ಹಿಡಿ ಮುರಿದಿದ್ದದ್ದು, ತಾವು ಹಗ್ಗ ಕಟ್ಟಿಕೊಟ್ಟದ್ದು, ರಾತ್ರಿ ಮೊಸರನ್ನ ಮಾತ್ರ ಸಾಕೆಂದು ಅವರು ಹೇಳಿದ್ದು, ಎಲ್ಲವನ್ನೂ ಶಿವನಂಜಪ್ಪನವರು ನಿಧಾನವಾಗಿ ನೆನಪಿಸಿದರು. ಶಾಲಿನಿಯವರ ಕಣ್ಣು ತೇವವಾಯಿತು. ತಾನು ಆ ಅತಿಥಿಗೃಹದಲ್ಲಿ ಒಂದು ದಿನವೂ ಉಳಿದವಳಲ್ಲ, ಆಗ ಇದ್ದದ್ದು ಕರೋಲ್ ಬಾಗ್‌ನ ಸಂಬಂಧಿಕರ ಮನೆಯಲ್ಲಿ ಎಂದು ಅವರು ಆಮೇಲೆ ನನಗೆ ಹೇಳಿದರು. "ಆದ್ರ ಆ ಸೂಟ್‌ಕೇಸ್ ಯಾಕೋ ನಂದ ಅನಸ್ತದ್ರಿ" ಎಂದೂ ಸೇರಿಸಿದರು.

ಒಟ್ಟೊನ ಕೊರಳು ಹೊರಬಂದೊಡನೆ ಇಂಚರ ಮೇಲಿನಿಂದ ಮಿಸ್ಡ್ ಕಾಲ್ ಕೊಟ್ಟಳು. ಮೊಸರನ್ನದ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಶಿವನಂಜಪ್ಪನವರು ಎದ್ದರು. "ಈಗ ಸಿಗ್ತಾರೆ ಮೇಡಂ, ಚಲೋ." ಮೇಲೆ ಬಂದು, ಮೇಡಂ ಚಪ್ಪಲಿ ಕಳಚುವವರೆಗೆ ಕಾದು, ಬಚ್ಚಲ ಬಾಗಿಲನ್ನು ಅಂಗೈ ಅಗಲ ತೆರೆದರು. ತೆರೆದು, ತಾವು ಗೋಡೆಯತ್ತ ಮುಖ ಮಾಡಿ ನಿಂತರು.

ಶಾಲಿನಿಯವರು ಬಹಳ ಹೊತ್ತು ನೋಡಿದರು. ಒಳಗೆ ನೀರು ಸಣ್ಣಗೆ ಅಲುಗುತ್ತಿತ್ತು. ಆಮೇಲೆ ಅವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಟ್ಟೊ ಎರಡನೆಯ ಹಂತವನ್ನೂ ಪೂರೈಸಿತ್ತು.

"ಆರಾಮ ಆಗ್ಯಾನ" ಎಂದರು. "ಇರ್ಲಿ ಬಿಡ್ರಿ, ಇಲ್ಲೇ."

ಇಂಚರ ಹೋಗಿ ಅಪ್ಪಿಕೊಂಡದ್ದು ಶಾಲಿನಿಯವರನ್ನಲ್ಲ, ಗೋಡೆ ನೋಡುತ್ತ ನಿಂತಿದ್ದ ತಾತನ ಸೊಂಟವನ್ನು.

ಚಳಿಗೆ ಮುಂಚೆ ಶಿವನಂಜಪ್ಪ ದಂಪತಿ ದೆಹಲಿ ಬಿಟ್ಟರು. ಗಿರಿಜಮ್ಮನವರ ಮಂಡಿಗೆ ಇಲ್ಲಿನ ಇನ್ನೊಂದು ಚಳಿಗಾಲ ಆಗುವುದಿಲ್ಲವೆಂದು ಮೈಸೂರಿನಲ್ಲಿ ಮನೆ ನೋಡಿದ್ದರು. ಹೊರಡುವ ಬೆಳಿಗ್ಗೆ ಅವರು ಮೇಲೆ ಬಂದಾಗ ಒಟ್ಟೊನ ಸ್ನಾನದ ಹೊತ್ತು. ಅಷ್ಟು ದಿನವಾದರೂ ಅದು ನೀರು ಕುಡಿಯುವುದನ್ನು ಅವರು ಒಮ್ಮೆಯೂ ಕಂಡಿರಲಿಲ್ಲ. ಚುಪ್ಪಾಗಿ ಒಂದು ಸಲ ಇಣುಕಿ ಹೋಗಿ ಎಂದು ಇಂಚರ ಅವರ ಕೈ ಎಳೆದಳು. ಅವರು ಬಾಗಿಲ ಹಿಡಿಯ ಮೇಲೆ ಕೈಯಿಟ್ಟರು. ಮತ್ತೆ ತೆಗೆದರು.

"ಬೇಡಮ್ಮ. ಹೊರಡೋ ಹೊತ್ತಲ್ಲಿ ಎದುರಿಗೆ ಹೋಗಿ ನಿಂತ್ರೆ ಸಾಹೇಬ್ರು ಬೀಳ್ಕೊಡೋಕೆ ಏಳ್ಬೇಕಾಗತ್ತೆ."

ಒಳಗೆ ಆದ ಸದ್ದಿಗೆ ನಾವಿಬ್ಬರೂ ಬಾಗಿಲ ಸಂದಿಗೆ ಬಗ್ಗಿದೆವು. ತಿರುಗಿ ನೋಡಿದಾಗ ಅವರು ಇರಲಿಲ್ಲ. ಹೇಳದೆ ಹೋಗಿದ್ದರು. ಬಾಲ್ಕನಿಗೆ ಓಡಿದೆವು, ಟ್ಯಾಕ್ಸಿ ಗೇಟು ದಾಟಿ ತಿರುಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹಿನ್ನೆಲೆಯಲ್ಲಿ ಹಾರನ್ನುಗಳು ಅರಚುತ್ತಿದ್ದವು. ಪೀರಾಗಢಿ ಚೌಕದಲ್ಲಿ ಸಿಕ್ಕಿಕೊಂಡಿದ್ದೇವೆ ಎಂದರು. ಅವರ ದನಿ ಕೇಳಿಸಿಕೊಳ್ಳಲು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು. ಅವರು ಪಿಸುಗುಟ್ಟುತ್ತಿದ್ದರು.

"ಕುಡಿದ್ರಾ?"

ಕುಡಿದರು ಎಂದೆ. ಎರಡನೆಯದೂ ಆಯಿತು ಎಂದೆ.

"ಅಚ್ಛಾ, ಅಚ್ಛಾ" ಎಂದರು, ಇನ್ನೂ ಸಣ್ಣ ದನಿಯಲ್ಲಿ. ಪಕ್ಕದಿಂದ ಗಿರಿಜಮ್ಮ ಹೇಳುವುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು:

"ಜೋರಾಗೇ ಮಾತಾಡಿ. ಇಲ್ಲಿಂದ ಅದಕ್ಕೆ ಕೇಳ್ಸಲ್ಲ."