ದೀಪ ದೊಡ್ಡದಾದ ತೊಗರಿ ಮಷೀನು

ನಾನು ತೊಗರಿ ತೇವ ನೋಡೋ ಮಷೀನು ರಿಪೇರಿ ಮಾಡಾಂವ. ಊರು ಶಹಾಬಾದ್ ಮಗ್ಗಲಿನ ಭಂಕೂರ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಅಂತ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಬಸ್ಸಿನ್ಯಾಗ ತಿರಗತೀನಿ. ರಿಪೇರಿ ಮಾಡಿದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿ ಅಂತಾರ ನಮ್ಮ ಸಾಹೇಬ್ರು. ಸುಳ್ಳು. ಎರಡೂ ಬರೋಬ್ಬರಿ ಅವ.

ಈ ಮಷೀನಿನ ಜೀವ ಅಂದ್ರ ಕಡ್ಲಿಕಾಳಿನಷ್ಟು ಒಂದು ಬಲ್ಬು. ಅದರ ಬೆಳಕಿನ್ಯಾಗ ಕಣ್ಣಿಗೆ ಕಾಣೋದು ಒಂಚೂರು, ಕಾಣಲಾರದ ಇನ್ಫ್ರಾರೆಡ್ಡೇ ಭಾಳ. ಆ ಕಾಣಲಾರದ ಬೆಳಕು ತೊಗರಿ ಮ್ಯಾಲ ಬಿದ್ದಾಗ ಕಾಳಿನ್ಯಾಗಿನ ನೀರು ಅದನ್ನ ನುಂಗ್ತದ. ಎಷ್ಟು ನುಂಗ್ತೋ ಅಷ್ಟು ಹಸಿ. ಉಳದು ವಾಪಸ್ ಬಂದಿದ್ದನ್ನ ನೋಡಿ ಮಷೀನು ನಂಬರ್ ಹೇಳ್ತದ. ಹತ್ತರ ಒಳಗ ಬಂದ್ರ ಕಾಳು ಒಣಗ್ಯಾದ ಅಂತ ಅರ್ಥ, ಡಬ್ಬಿ ತುಂಬಿ ಮುಚ್ಚಬಹುದು. ಇಷ್ಟು ನನಗ ಬಾಯಿಪಾಠ. ಪಾಲಿಟೆಕ್ನಿಕ್‌ನ್ಯಾಗ ಇದೊಂದೇ ಪ್ರಶ್ನೆಗೆ ನಾನು ಪೂರಾ ಉತ್ತರ ಬರದದ್ದು.

ಸುಲೇಪೇಟದಾಗ ಹೆಣ್ಮಕ್ಕಳ ಗುಂಪಿನವರದು ಒಂದು ಬೀಜದ ಖೋಲಿ ಅದ. ಅದನ್ನ ನೋಡ್ಕೊಳ್ಳೋರು ಒಬ್ರು ಅಕ್ಕೋರು, ಸಾಲ್ಯಾಗ ಲೆಕ್ಕ ಕಲಿಸಿ ರಿಟೈರ್ ಆದೋರು. ಅಲ್ಲಿಡೋದು ಅವರವರ ಅತ್ತಿ ಕಾಲದಿಂದ ಕಾದಿಟ್ಟ ತೊಗರಿ ತಳಿ, ಅಂಗಡ್ಯಾಗ ಸಿಗೋದಲ್ಲ. ಹಸಿ ಇದ್ದಾಗ ಡಬ್ಬಿ ಮುಚ್ಚಿದ್ರ ಬೂಷ್ಟು ಹಿಡದು ತಳಿನೇ ಹೋಗ್ತದ. ಆ ವರ್ಷ ರಾಶಿ ಮಾಡೋ ಹೊತ್ತಿಗೇ ಜಿಟಿಜಿಟಿ ಮಳಿ ಹತ್ತಿತ್ತು. ಯಾವ ಚೀಲ ಒಣ, ಯಾವುದು ಹಸಿ, ಮಷೀನೇ ಹೇಳ್ಬೇಕು.

ನಾನು ವಾಡಿ ಸ್ಟೇಷನ್‌ದಾಗ ಮಿರ್ಚಿ ಭಜಿ ತಿನ್ನಲಿಕತ್ತಿದ್ದೆ. ಅಕ್ಕೋರ ಫೋನ್ ಬಂತು.

"ತಮ್ಮಾ, ಮಷೀನಿನ ದೀಪ ದೊಡ್ಡದಾಗ್ಯದಪಾ. ಜಲ್ದಿ ಬಾ."

ಬಾಯಾಗ ಭಜಿ, ತಲ್ಯಾಗ ಪಾಲಿಟೆಕ್ನಿಕ್. ಅಂದೆ: "ದೊಡ್ಡದಾದ್ರ ಚಲೋನೇ ಆತಲ್ರಿ ಅಕ್ಕೋರೇ! ಖುಷಿ ಪಡ್ರಿ!"

"ಖುಷಿ ಪಡಬೇಕಾ?"

"ಹೂಂನ್ರಿ. ನಂಬರ್ ಎಷ್ಟು ತೋರಸ್ತದ?"

"ಎಲ್ಲಾ ಚೀಲಕ್ಕೂ ಇಪ್ಪತ್ತೇಳು. ಬರೇ ಇಪ್ಪತ್ತೇಳು."

"ದೀಪ ದೊಡ್ಡದಾದ್ರ ನಂಬರೂ ದೊಡ್ಡದು ಬರ್ತದ್ರಿ. ಮೂರರಿಂದ ಭಾಗಸ್ರಿ. ಒಂಬತ್ತು! ಡಬ್ಬಿ ಮುಚ್ಚಿಬಿಡ್ರಿ."

"ಯಾವ ಸೂತ್ರನಪಾ ಇದು?"

"ಅನುಭವದ್ದರಿ," ಅಂದೆ. ನೌಕ್ರಿಗೆ ಸೇರಿ ನಾಕು ತಿಂಗಳಾಗಿತ್ತು.

"ನಿಮ್ಮ ಮನ್ಯಾಗ ದೀಪ ದೊಡ್ಡದಾದ್ರ ಖುಷಿ ಪಡ್ತಾರೇನೋ ಭಾಡ್ಯಾ!" ಅಂದು ಫೋನ್ ಇಟ್ರು. ವಯಸ್ಸಾದೋರು, ಸಿಟ್ಟು ಜಾಸ್ತಿ ಅಂದ್ಕೊಂಡು ನಾನು ಇನ್ನೊಂದು ಪ್ಲೇಟ್ ಹೇಳ್ದೆ.

ಮರುದಿನ ಮನ್ಯಾಗ ದೇವರ ಮುಂದಿನ ದೀಪ ಗಾಳಿಗೆ ಹೋತು. ನಮ್ಮ ಆಯಿ ಒಳಗಿಂದ ಒದರಿದ್ಲು: "ಏ, ದೀಪ ದೊಡ್ಡದಾತು ನೋಡು, ಹಚ್ಚು."

ನಾನು ಕಡ್ಡಿಪೆಟ್ಗಿ ಹಿಡಕೊಂಡು ಹಂಗೇ ನಿಂತೆ. ದೀಪ ಆರ್ತು ಅಂತ ಬಾಯಿಲೆ ಅನಬಾರ್ದು, ದೊಡ್ಡದಾತು ಅನಬೇಕು. ಬಳಿ ಒಡದ್ರೂ ಹೆಚ್ಚಾದ್ವು ಅನಬೇಕು. ಹುಟ್ಟಿದಾಗಿಂದ ಕೇಳಿದ್ದು. ಹಂಗಿದ್ರ ಅಕ್ಕೋರು ಹೇಳಿದ್ದು ಬಲ್ಬು ಸುಟ್ಟದ ಅಂತ! ಬೆಳಕೇ ಇಲ್ಲ ಅಂದ್ರ ಏನೂ ವಾಪಸ್ ಬರಂಗಿಲ್ಲ, ಎಲ್ಲಾ ನೀರೇ ನುಂಗ್ಯಾದ ಅಂತ ಮಷೀನು ತಿಳಕೋತದ. ಅದಕ್ಕೇ ಇಪ್ಪತ್ತೇಳು, ಅದು ತೋರಸೋ ಎಲ್ಲಾಕ್ಕಿಂತ ದೊಡ್ಡ ನಂಬರು. ನಾನು ಆ ಕುರುಡು ಮಷೀನಿನ ಸುಳ್ಳನ್ನ ಮೂರು ಪಾಲು ಮಾಡಿ, ಹಸಿ ತೊಗರಿ ಮುಚ್ಚಿಬಿಡ್ರಿ ಅಂದಿದ್ದೆ.

ಫೋನ್ ಹಚ್ಚಿದ್ರ ಅಕ್ಕೋರು ಎತ್ತಲಿಲ್ಲ. ಸೇಡಂ ಬಸ್ಸಿನ್ಯಾಗ ನಾನು ಬೇಡ್ಕೊಳ್ಳಲಾರದ ದೇವರಿಲ್ಲ. ಬಸ್ಸು ನಿಧಾನ ಆದಾಗೆಲ್ಲ ಎದ್ದು ನಿಂತು ನೂಕಬೇಕು ಅನಸ್ತಿತ್ತು. ಒಳಗ ಕುಂತು ನೂಕಿದ್ರ ಬಸ್ಸು ಮುಂದ ಹೋಗಂಗಿಲ್ಲ ಅಂತ ನನಗ ಆವಾಗ ಹೊಳಿಲಿಲ್ಲ, ಖರೇನೇ ಮುಂದಿನ ಸೀಟು ನೂಕಿದೆ. ಮುಂದ ಕುಂತಿದ್ದ ಮುತ್ಯಾ ಬೈದ.

ಖೋಲಿ ಬಾಗ್ಲಾಗ ಕಾಲಿಟ್ಟು ಡಬ್ಬಿ ನೋಡ್ದೆ. ಎಲ್ಲಾವೂ ಬಾಯಿ ತಕ್ಕೊಂಡು ಬಿದ್ದಿದ್ವು. ಒಂದೂ ಮುಚ್ಚಿರಲಿಲ್ಲ. ನನಗ ಅಲ್ಲೇ ಕುಂತು ಅಳಬೇಕು ಅನಸ್ತು.

ಗುಂಪಿನ ಹೆಣ್ಮಕ್ಕಳು ಚೀಲದ ಸುತ್ತ ಕುಂತು ಕಾಳು ಹಲ್ಲಾಗ ಹಿಡದು ಕಡಿಯಾಕತ್ತಿದ್ರು. ಒಣ ಕಾಳು ಕಟ್ ಅಂತದ, ಹಸಿದು ಸುಮ್ಮ ಚಪ್ಪಟಿ ಆಗ್ತದ. ನಿನ್ನಿಯಿಂದ ಅದೇ ಕೆಲಸ, ಗಲ್ಲ ಬಾತಿದ್ವು.

"ಬಂದ್ರು ನೋಡು ಮೂರರಿಂದ ಭಾಗಿಸೋ ಸಾಹೇಬ್ರು!" ಅಂದ್ಲು ಒಬ್ಬಾಕಿ.

"ಕುಂದ್ರಿ ಸಾಹೇಬ್ರ, ನೀವೂ ಕಡೀರಿ. ಮೂವತ್ತೆರಡು ಹಲ್ಲು ಅವ ಏನು, ಇಲ್ಲಾ ಅವನ್ನೂ ಭಾಗಸೀರೋ?"

ನಾನು ಅಕ್ಕೋರ ಕಾಲು ಮುಟ್ಟಿ, "ತಪ್ಪಾತ್ರಿ. ದೊಡ್ಡದಾತು ಅಂದಿದ್ದು ತಿಳಿಲಿಲ್ಲ," ಅಂದೆ.

"ಮಾತು ತಿಳಿಲಿಲ್ಲ, ಇರ್ಲಿ," ಅಂದ್ರು. "ಲೆಕ್ಕ? ಎಲ್ಲಾ ಚೀಲಕ್ಕೂ ಒಂದೇ ಉತ್ತರ ಬಂದ್ರ ಹುಡುಗರು ಕಾಪಿ ಹೊಡದಾರ ಅಂತ ಮೂವತ್ತು ವರ್ಷ ಹಿಡದೀನಿ ನಾ. ಮಷೀನಿಗೆ ಬಿಡ್ತೀನೇನು?"

ಹೆಣ್ಮಕ್ಕಳು ಬಿಡಲಿಲ್ಲ, ನಾನೂ ಒಂದು ಚೀಲದ ಕಾಳು ಕಡದು ನೋಡ್ದೆ. ಆಮ್ಯಾಲ ಹೊಸ ಬಲ್ಬು ಹಾಕಾಕ ಹೋದೆ. ಗಡಬಡಿಸಿ ಮೊದಲ್ನೇದು ಕೆಳಗ ಬೀಳ್ಸಿ ಹೆಚ್ಚು ಮಾಡ್ದೆ. ಬ್ಯಾಗಿನ್ಯಾಗ ಇದ್ದದ್ದು ಎರಡೇ. ಎರಡನೇದು ಹಾಕೋ ಮುಂದ ಎಲ್ರೂ ಉಸಿರು ಹಿಡದು ನೋಡಿದ್ರು. ಸಂದಿಯೊಳಗ ಕೆಂಪಗ ಹತ್ತಿತು. ಒಂದೊಂದೇ ಚೀಲದ ಕಾಳು ಹಾಕಿ ನೋಡಿದ್ವಿ. ಹಲ್ಲು ಹಸಿ ಅಂದಿದ್ದನ್ನ ಮಷೀನೂ ಹಸಿ ಅಂತು, ಹಲ್ಲು ಒಣ ಅಂದಿದ್ದನ್ನ ಒಣ. ಒಂದೇ ಒಂದು ಚೀಲ ತಪ್ಪಿತ್ತು. ನಾನು ಕಡದು ಒಣ ಅಂದಿದ್ದು.

ಹಸಿ ಇದ್ದಿದ್ದನ್ನ ಮತ್ತ ಮಾಳಗಿ ಮ್ಯಾಲ ಹರವಿ, ಒಣಗಿದ ಮ್ಯಾಲ ಡಬ್ಬಿ ಮುಚ್ಚಿದ್ರು. ಸಾಹೇಬ್ರು ಫೋನ್ ಮಾಡಿ ಕೇಳಿದಾಗ ಅಕ್ಕೋರು, "ಹುಡುಗ ಬಂದಾನ, ಬಲ್ಬು ಹಾಕ್ಯಾನ," ಅಂತ ಅಷ್ಟೇ ಹೇಳಿದ್ರು. ನನ್ನ ಸೂತ್ರ ಹೇಳಿದ್ರ ನೌಕ್ರಿನೂ ಅವತ್ತೇ ದೊಡ್ಡದಾಗ್ತಿತ್ತು. ಆದ್ರೂ ನನಗ ತಿಂಗಳಾನುಗಟ್ಲೆ ನಿದ್ದಿ ಸರಿ ಹತ್ತಲಿಲ್ಲ. ನಾನು ಕಡದ ಹಂಗ ಮಷೀನೂ ಎಲ್ಯಾರ ಎಡವಿದ್ರ?

ಬಿತ್ತೋ ಹೊತ್ತಿನ ಮಿರಗ ಮಳಿ ಇನ್ನೇನು ಬರೋದಿದ್ದಾಗ ಅಕ್ಕೋರು ಕರಿಸಿದ್ರು. ಒಂದು ಹಸಿ ಅರಿವಿ ಗಂಟು ನನ್ನ ಕೈಯಾಗ ಕೊಟ್ಟು, "ಬಿಚ್ಚು," ಅಂದ್ರು. ಬೀಜ ಹುಟ್ತಾವೋ ಇಲ್ಲೋ ನೋಡಾಕ ಎಲ್ಲಾ ಡಬ್ಬಿಯಿಂದ ಹಿಡಿಹಿಡಿ ತಗದು ಕಟ್ಟಿದ್ದ ಕಾಳು. ಬೆಳ್ಳಗ ಮೊಳಕಿ ಒಡದು ಒಂದಕ್ಕೊಂದು ಹೆಣಕೊಂಡಿದ್ವು.

"ಎಲ್ಲಾ ಹುಟ್ಯಾವೇನ್ರಿ?"

"ಭಾಗಸಬ್ಯಾಡ, ಎಣಸು," ಅಂದ್ರು ಅಕ್ಕೋರು.

ನಾನು ನೆಲಕ್ಕ ಕುಂತು ಎಣಿಸಿದೆ. ಹೆಣ್ಮಕ್ಕಳು ನಗಾಕತ್ತಿದ್ರು. ಎರಡು ಸಲ ತಪ್ಪಿತು, ಕಣ್ಣಾಗ ನೀರು ಬಂದಿದ್ದಕ್ಕ. ಮೂರನೇ ಸಲಕ್ಕ ಒಂದೊಂದು ಮೊಳಕಿ ಮುಟ್ಟಿ ಮುಟ್ಟಿ ಎಣಿಸಿದೆ.