ಎಲ್ಲರನ್ನೂ ನೋಡಿಕೊಳ್ಳಲಾಗುತ್ತದೆ

ನಮ್ಮ ಬೀದಿಯ ಶಿಶುವಿಹಾರದ ಆಯಮ್ಮನಿಗೆ ಮನುಷ್ಯರ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅವರ ಗಂಡ ಜೈಲಿನಲ್ಲಿ ಕಾವಲುಗಾರರಾಗಿದ್ದು ನಿವೃತ್ತರಾದವರು. ಅವರು ಮಾತ್ರ ಮನುಷ್ಯ ಅಪ್ಪಟ ಚಿನ್ನ ಎನ್ನುತ್ತಿದ್ದರು. ಗಂಡಹೆಂಡತಿಯ ಕೆಲಸ ಎಲ್ಲೋ ಅದಲುಬದಲಾಗಿದೆ ಎಂದು ಹೊಸಬರಿಗೆ ಅನಿಸುತ್ತಿತ್ತು. ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದು ರಾಜ್ಯಶಾಸ್ತ್ರ ಓದುತ್ತಿದ್ದ ನನಗೂ ಅನಿಸಿತ್ತು.

ಆದರೆ ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಬೀದಿಯವರೆಲ್ಲ ಜೈಲು ಮಾವ ಎಂದು ಕರೆಯುತ್ತಿದ್ದ ಆ ಗಂಡ ಕಂಡದ್ದು ಗುಲಾಬಿ ಗಿಡಕ್ಕೆ ನೀರು ಹಾಕುವ, ತಾವು ಹೋದಾಗ ಎದ್ದು ನಿಂತು ನಮಸ್ಕಾರ ಹೇಳುವ ಕೊಲೆಗಾರರನ್ನು. ಆಯಮ್ಮ ಕಂಡದ್ದು ಹಾಲುಹಲ್ಲಿನ ಕೂಸುಗಳನ್ನು. ಒಂದು ರಬ್ಬರ್ ಚೆಂಡಿಗಾಗಿ ಪಕ್ಕದವನ ಕೆನ್ನೆ ಕಚ್ಚಿ, ಆಮೇಲೆ ಅವನಿಗಿಂತ ಮೊದಲು ತಾವೇ ಅಳುವ ಜಾಣರನ್ನು.

"ಕಚ್ಚೋದನ್ನ ಯಾರು ಹೇಳ್ಕೊಟ್ರು ಅದಕ್ಕೆ?" ಎನ್ನುತ್ತಿದ್ದರು ಆಯಮ್ಮ, ಸಂಜೆ ಬಂದು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "'ತಗೋ' ಅನ್ನೋದನ್ನ ನಾವು ಕಲಿಸ್ಬೇಕು. 'ನಂದು' ಅನ್ನೋದು ಹುಟ್ತಾನೇ ಬಂದಿರತ್ತೆ."

"ನಿನ್ನ ಹತ್ರ ಇರೋವರೆಗೆ ಕಚ್ತಾವೆ ಕಣೇ. ನನ್ನ ಹತ್ರ ಬರೋ ಹೊತ್ತಿಗೆ ಸರಿಹೋಗಿರ್ತಾವೆ."

"ಸರಿಹೋದೋರು ನಿಮ್ಮ ಜೈಲಿಗೆ ಯಾಕ್ರೀ ಬರ್ತಾರೆ?"

"ಹೊರಗಿನೋರು ಕಳಿಸ್ತಾರೆ, ಪಾಪ."

"ನಿಮ್ಮ ಕೈಲಿ ಲಾಠಿ ಇತ್ತು, ಅವರು ಗುಲಾಬಿಗೆ ನೀರು ಹಾಕಿದ್ರು. ಲಾಠಿ ಕೆಳಗಿಟ್ಟು ನೋಡ್ಬೇಕಿತ್ತು, ಗಿಡಾನೇ ಕಿತ್ಕೊಂಡು ಹೋಗೋರು!"

ವೋಟಿನ ವಿಷಯಕ್ಕೆ ಬಂದರೂ ಇದೇ ಜಗಳ. ಮನುಷ್ಯನನ್ನು ಬಿಟ್ಟರೆ ಕೆಡುತ್ತಾನೆ, ಅವನ ಮೇಲೆ ಕಣ್ಣಿಡಬೇಕು ಎನ್ನುವ ಸೀಟಿ ಗುರುತಿನ ಪಕ್ಷ ಆಯಮ್ಮನದು. ಮನುಷ್ಯನನ್ನು ಅವನ ಪಾಡಿಗೆ ಬಿಟ್ಟರೆ ತಾನೇ ಒಳ್ಳೆಯವನಾಗುತ್ತಾನೆ ಎನ್ನುವ ಕಿಟಕಿ ಗುರುತಿನ ಪಕ್ಷ ಮಾವನದು. ಮುಂಬಾಗಿಲಿನ ಒಂದು ಕದಕ್ಕೆ ಸೀಟಿಯ ಚೀಟಿ, ಇನ್ನೊಂದಕ್ಕೆ ಕಿಟಕಿಯ ಚೀಟಿ. ಎರಡೂ ಕದ ಮುಚ್ಚಿದಾಗ ಯಾರೋ ಪೋಲಿ ಕಿಟಕಿಗೆ ಮುಖ ಮಾಡಿ ಸೀಟಿ ಹೊಡೆದಂತೆ ಕಾಣುತ್ತಿತ್ತು. ಪ್ರತಿ ಚುನಾವಣೆಯಲ್ಲೂ ಆ ಮನೆಯ ಎರಡು ವೋಟು ಒಂದನ್ನೊಂದು ಕಚ್ಚಿಕೊಂಡು ಸಾಯುತ್ತಿದ್ದವು.

ಆ ಸಲ ನಗರಸಭೆಯ ಚುನಾವಣೆಯಲ್ಲಿ ಮಾತ್ರ ವಿಷಯ ಬೇರೆಯಾಯಿತು. ಶಿಶುವಿಹಾರ ಇದ್ದದ್ದು ಪಾರ್ಕಿನ ಮೂಲೆಯ ನಗರಸಭೆಯ ಕೋಣೆಯಲ್ಲಿ. ಬಾಗಿಲ ಮೇಲೆ ನೀಲಿ ಬಣ್ಣದ ಬೋರ್ಡು: 'ಇಲ್ಲಿ ಮಕ್ಕಳನ್ನು ನೋಡಿಕೊಳ್ಳಲಾಗುತ್ತದೆ.' ತರಕಾರಿ ಮಾರುವವರ, ಬಟ್ಟೆ ಕಾರ್ಖಾನೆಗೆ ಹೋಗುವವರ ಮಕ್ಕಳು ದಿನವಿಡೀ ಅಲ್ಲೇ.

ಮೊದಲು ಕಿಟಕಿ ಪಕ್ಷದ ಅಭ್ಯರ್ಥಿ ಬಂದ. ಜಗಲಿಯ ಮೇಲೆ ಕೂತು, "ಶಿಶುವಿಹಾರ ಅಂದ್ರೆ ಜನರ ಮೇಲೆ ಅಪನಂಬಿಕೆ ಅಲ್ವಾ ಮಾವ? ನಾವು ಬಂದ್ರೆ ಅದನ್ನ ಮುಚ್ತೀವಿ. ಅಕ್ಕಪಕ್ಕದೋರೇ ಮಕ್ಕಳನ್ನ ನೋಡ್ಕೋತಾರೆ. ಪ್ರೀತಿಗೆಲ್ಲ ಸರ್ಕಾರ ಯಾಕೆ?" ಎಂದ. ಚಪ್ಪಾಳೆಗೆಂದು ಎತ್ತಿದ ಮಾವನ ಕೈ ಅರ್ಧದಲ್ಲೇ ನಿಂತು, ತಲೆ ಕೆರೆದುಕೊಂಡು ಕೆಳಗಿಳಿಯಿತು.

ಮಾರನೆಯ ದಿನ ಸೀಟಿ ಪಕ್ಷದವನು ಬಂದ. "ಪಾರ್ಕಲ್ಲಿ ಪುಂಡರ ಕಾಟ ಜಾಸ್ತಿ ಆಗಿದೆ ಅಮ್ಮ. ಅಲ್ಲೊಂದು ಪೊಲೀಸ್ ಚೌಕಿ ಮಾಡ್ತೀವಿ. ಇರೋದು ಅದೊಂದೇ ರೂಮು, ಏನ್ಮಾಡೋದು?"

ಮನುಷ್ಯ ಒಳ್ಳೆಯವನಾದರೂ ಕೋಣೆ ಹೋಗುತ್ತಿತ್ತು, ಕೆಟ್ಟವನಾದರೂ ಹೋಗುತ್ತಿತ್ತು. ನನ್ನ ಪಠ್ಯಪುಸ್ತಕದ ಮೊದಲ ಅಧ್ಯಾಯವೇ ಮನುಷ್ಯ ಸ್ವಭಾವದ ಮೇಲಿತ್ತು. ಕೋಣೆ ಒಂದೇ ಇದ್ದರೆ ಏನು ಮಾಡಬೇಕೆಂದು ಅದರಲ್ಲಿ ಬರೆದಿರಲಿಲ್ಲ.

"ಮಕ್ಕಳು ಎಲ್ಲಿಗೆ ಹೋಗ್ಬೇಕಪ್ಪ?" ಎಂದು ಆಯಮ್ಮ ಇಬ್ಬರನ್ನೂ ಕೇಳಿದ್ದರು. ಇಬ್ಬರೂ ಒಂದೇ ಮಾತು ಹೇಳಿದ್ದರು: "ನೋಡ್ಕೋತೀವಿ ಬಿಡಿ."

ಇದು ನಮ್ಮ ಭಾಷೆಯ ಅಪಾಯದ ಮಾತು. ತಾಯಿ ಹೇಳಿದರೆ ಸಾಕುತ್ತೇನೆ ಎಂದರ್ಥ. ರೌಡಿ ಹೇಳಿದರೆ ಕೈಕಾಲು ಜೋಪಾನ ಎಂದರ್ಥ. ಅಭ್ಯರ್ಥಿ ಹೇಳಿದರೆ ಮರೆತುಬಿಡಿ ಎಂದರ್ಥ.

ಆಯಮ್ಮ ಅಂದು ಊಟಕ್ಕೆ ಕೂತವರು ತಟ್ಟೆ ಮುಟ್ಟಲಿಲ್ಲ. "ಬೀದಿ ತುದಿಯ ಆ ತರಕಾರಿಯವಳು ಮುಂಚೆ ಏನ್ಮಾಡ್ತಿದ್ಲು ಗೊತ್ತೇನ್ರೀ? ಮಗೂನ ಒಳಗೆ ಕೂಡಿ ಬೀಗ ಹಾಕ್ಕೊಂಡು ಹೋಗ್ತಿದ್ಲು. ಅದು ಕಿಟಕಿ ಸರಳು ಹಿಡ್ಕೊಂಡು ನಿಂತಿರೋದು. ನಿಮ್ಮ ಜೈಲಲ್ಲೂ ಅಂಥ ಮುಖ ಇರ್ಲಿಲ್ಲ."

ಮಾವ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದರು.

ವೋಟು ಹಾಕಿ ಬಂದ ಮೇಲೆ ನಿಜ ಹೊರಬಿತ್ತು. ಆಯಮ್ಮ ಕಿಟಕಿಗೆ ಒತ್ತಿದ್ದರು. "ಒಳ್ಳೇತನದ ಮಾತಾಡೋರಿಗೆ ನಾಚಿಕೆನಾದ್ರೂ ಇರತ್ತೆ, ಬೈದ್ರೆ ಕೇಳ್ತಾರೆ ಅಂತ."

ಮಾವ ಸೀಟಿಗೆ ಒತ್ತಿದ್ದರು. "ಗೋಡೆ ಒಳಗೆ ಕೂತ್ರೆ ಎಂಥವನೂ ಒಳ್ಳೆಯವನಾಗ್ತಾನೆ. ಪೊಲೀಸ್ನೋರೂ ಗೋಡೆ ಒಳಗೇ ತಾನೆ ಕೂರೋದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎರಡು ವೋಟು ಎಂದಿನಂತೆ ಸತ್ತಿದ್ದವು, ಈ ಸಲ ತಲೆಕೆಳಗಾಗಿ.

ಸೀಟಿ ಗೆದ್ದಿತು. ಕೋಣೆಗೆ ಮೇಜು, ಕುರ್ಚಿ, ಲಾಠಿ ಬಂದವು. ಮಕ್ಕಳು ಮನೆಗೆ ಹೋದರು. ಪೇಂಟರ್ ಸೋಮಾರಿಯೋ ಮಿತವ್ಯಯಿಯೋ, ಇಡೀ ಬೋರ್ಡು ಬರೆಯುವ ಗೋಜಿಗೆ ಹೋಗದೆ ಒಂದೇ ಪದ ಅಳಿಸಿ ಬದಲಿಸಿದ: 'ಇಲ್ಲಿ ಎಲ್ಲರನ್ನೂ ನೋಡಿಕೊಳ್ಳಲಾಗುತ್ತದೆ.' ಪೊಲೀಸ್ ಚೌಕಿಯ ಮೇಲೆ ಅದನ್ನು ಓದಿದವರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಪುಂಡರಷ್ಟೇ ಅಲ್ಲ, ವಾಕಿಂಗಿಗೆ ಬರುವ ಮುದುಕರೂ ಮಾಯವಾದರು. ಆಯಮ್ಮ ಮಾತ್ರ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಕೆಲಸಕ್ಕೆ ಹೋಗುವ ಸೀರೆ ಉಟ್ಟು ಜಗಲಿಯ ಮೇಲೆ ಕೂರುತ್ತಿದ್ದರು. ಬೀದಿಯ ತುದಿಯಲ್ಲಿ ಬೀಗ ಹಾಕಿದ ಮನೆಯೊಳಗೆ ತರಕಾರಿಯವಳ ಮಗ ಅಳುವುದು ಕೇಳುತ್ತಿತ್ತು.

ಹೀಗಿರುವಾಗ ಚೌಕಿಯ ಹೆಣ್ಣು ಪೊಲೀಸು ಜಗಲಿಗೆ ಬಂದಳು. ಸೊಂಟದ ಮೇಲೆ ಒಂದು ಮಗು. ಬಂದ ದಿನದಿಂದ ಅದನ್ನು ಮೇಜಿನ ಕೆಳಗೆ ಮಲಗಿಸಿಕೊಂಡು ಡ್ಯೂಟಿ ಮಾಡುತ್ತಿದ್ದಳಂತೆ.

"ಅಮ್ಮಾ, ಸ್ವಲ್ಪ ನೋಡ್ಕೋತೀರಾ?"

ಆಯಮ್ಮ ಮಗುವನ್ನು ನೋಡಿದರು, ಅವಳ ಟೋಪಿಯನ್ನು ನೋಡಿದರು. "ಮನೇಲಿ ಆಗಲ್ಲಮ್ಮ. ನನ್ನ ತೊಟ್ಟಿಲು, ಚಾಪೆ ಎಲ್ಲ ನಿಮ್ಮ ಚೌಕೀಲೇ ಇದೆ. ಅಲ್ಲೇ ಆದ್ರೆ ನೋಡ್ಕೋತೀನಿ."

"ಅಲ್ಲೇನಾ? ಸಾಹೇಬ್ರು ಬೈತಾರೆ."

"ಅವರಿಗೂ ಮಕ್ಕಳಿರ್ತಾವಲ್ಲ, ಕರ್ಕೊಂಡು ಬರ್ಲಿ. ಇನ್ನೊಂದು ಮಾತು. ಒಂದೇ ಮಗು ಆದ್ರೆ ಬೇಜಾರು ಮಾಡ್ಕೊಳತ್ತೆ. ಮಿಕ್ಕವೂ ಬರ್ತಾವೆ."

"ಮಿಕ್ಕವು ಅಂದ್ರೆ ಎಷ್ಟಮ್ಮ?"

"ಹಾಗೆಲ್ಲ ಎಣಿಸ್ಬಾರ್ದು, ದೃಷ್ಟಿ ಆಗತ್ತೆ" ಎಂದು ಆಯಮ್ಮ ಚಪ್ಪಲಿ ಮೆಟ್ಟಿಕೊಂಡರು.

ಹೀಗೆ ಶಿಶುವಿಹಾರ ಚೌಕಿಯೊಳಗೆ ವಾಪಸು ಬಂತು. ಲಾಠಿ ಕೈಗೆಟುಕದಂತೆ ಬೀರುವಿನ ಮೇಲೇರಿತು. ಬೋರ್ಡನ್ನು ಯಾರೂ ಮುಟ್ಟಲಿಲ್ಲ. ಈಗ ಅದು ಸುಳ್ಳೂ ಆಗಿರಲಿಲ್ಲ. ಮಧ್ಯಾಹ್ನದ ಊಟದ ಡಬ್ಬಿ ಕೊಡುವ ನೆಪದಲ್ಲಿ ಮಾವನೂ ಅಲ್ಲೇ ಠಿಕಾಣಿ ಹೂಡಿದರು. ಗೋಡೆಯ ಒಳಗೆ ಕೂತು ಅವರಿಗೆ ಹಳೇ ಅಭ್ಯಾಸ.

ಮೊದಲ ದಿನವೇ ಪೊಲೀಸಿನ ಮಗು ತರಕಾರಿಯವಳ ಮಗನ ತೋಳು ಕಚ್ಚಿ ಚೆಂಡು ಕಸಿದುಕೊಂಡಿತು.

"ನೋಡಿದ್ರಾ?" ಆಯಮ್ಮನ ಮುಖ ಅರಳಿತು. "ಪೊಲೀಸಿನ ಮಗು!"

"ಹಲ್ಲು ಬರ್ತಾ ಇದೆ ಕಣೇ. ವಸಡು ಕಡಿಯತ್ತೆ, ಪಾಪ."

ಮೇಜಿನ ಹಿಂದಿನಿಂದ ಹೆಣ್ಣು ಪೊಲೀಸು ಗಾಬರಿಯಿಂದ ತಲೆ ಎತ್ತಿದಳು. "ಏನಾಯ್ತಮ್ಮ? ಕಂಪ್ಲೇಂಟ್ ಬರ್ಕೋಬೇಕಾ?"

"ಬೇಡಮ್ಮ" ಎಂದರು ಆಯಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ನಾನು ನೋಡ್ಕೋತೀನಿ."

ಯಾವ ಅರ್ಥದಲ್ಲಿ ಹೇಳಿದರೆಂದು ಆ ಮಗುವಿಗೆ ತಿಳಿಯಿತು. ಮೆಲ್ಲಗೆ ಚೆಂಡನ್ನು ಕೆಳಗಿಟ್ಟಿತು.