ಹೆಸರುಕಾಳಿನ ಬಣ್ಣ

ಬಚ್ಚಲಿನ ನಲ್ಲಿಗೆ ಕಟ್ಟಿದ್ದ ಬಿಳಿ ಕರೆಯನ್ನು ಸಿರ್ಕಾ ಹಾಕಿ ತಿಕ್ಕುತ್ತಿದ್ದೆ. ವಿನೆಗರ್‌ಗೆ ಇಲ್ಲಿ ಎಲ್ಲರೂ ಸಿರ್ಕಾ ಅನ್ನುತ್ತಾರೆ. ಆಗ ಫೋನ್ ಬಂತು. ಮಾವಶಿಯ ಮಗಳು. ಕನ್ನಡ ಅವಳ ಬಾಯಲ್ಲಿ ತಡೆದು ತಡೆದು ಬರುತ್ತದೆ.

"ಆಂಟಿ, ಅವ್ವ ಸೋಮವಾರ ಹೋದ್ಳು... ನಿಮ್ಮ ನಂಬರ್ ಆಜ್ ಮಿಲಾ."

ಎಲ್ಲ ಮುಗಿದು ಮೂರು ದಿನವಾಗಿತ್ತು. ಬೆರಳುಗಳಲ್ಲಿ ಆ ಹುಳಿ ವಾಸನೆ ಹಾಗೇ ಇತ್ತು. ಇಪ್ಪತ್ತು ವರ್ಷದ ಹಿಂದೆ ಧಾರಾವಿಯ ನಮ್ಮ ಚಾಳಿನಲ್ಲಿ ಪಕ್ಕದ ಬಾಗಿಲಿನಿಂದ ದಿನವೂ ಬರುತ್ತಿದ್ದ ವಾಸನೆ ಅದೇ...

ಮಾವಶಿ ಅಂದರೆ ಚಿಕ್ಕಮ್ಮ; ಅವರು ನನ್ನ ಸ್ವಂತ ಮಾವಶಿಯಲ್ಲ, ಪಕ್ಕದ ಮನೆಯವರು. ಕಲಬುರ್ಗಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಗರಿಗಳಿಗೆ, ಕೂದಲಿಗೆ ಬಣ್ಣ ಹಾಕುತ್ತಿದ್ದರು. ಹತ್ತಿರದಲ್ಲೇ ಒಂದು ಕಾರ್ಖಾನೆಯಿತ್ತು. ಅಲ್ಲಿ ಗಾಳದ ಸಣ್ಣ ಕೊಕ್ಕೆಗಳಿಗೆ ಹುಂಜದ ಗರಿ, ಆಡಿನ ಕೂದಲು, ಮೊಲದ ತುಪ್ಪಳ ಸುತ್ತಿ ಹುಳದ ಆಕಾರ ಕೊಟ್ಟು ಪರದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿಯವರು ಅದನ್ನು ಹೊಳೆಗೆ ಬಿಟ್ಟರೆ ಮೀನು ನಿಜವಾದ ಹುಳವೆಂದೇ ಬಾಯಿ ಹಾಕುತ್ತದಂತೆ.

ನಾನು ವಿಜಯಪುರ ಕಡೆಯ ಹುಡುಗಿ, ಆಗಷ್ಟೇ ಮದುವೆಯಾಗಿ ಬಂದವಳು. ಲಿಂಗಪೂಜೆಯಾಗದೆ ನೀರು ಕುಡಿಯದ ಮನೆತನ. ಪಕ್ಕದಲ್ಲಿ ಕೋಳಿ ಗರಿ! ಮೊದಲ ತಿಂಗಳು ಅವರ ಬಾಗಿಲು ದಾಟುವಾಗೆಲ್ಲ ಮೂಗಿಗೆ ಸೆರಗು ಹಿಡಿದು ಓಡುತ್ತಿದ್ದೆ. ಒಂದು ದಿನ ಅವರೇ ತಡೆದು ನಿಲ್ಲಿಸಿದರು.

"ಯವ್ವಾ, ಮೂಗಿಗೆ ಹಿಡದು ಹಿಡದು ಸೆರಗಿನ ಜರಿ ಹೋದೀತು. ಹುಂಜ ತಿಂದವರು ಬ್ಯಾರೇರು. ಕಸಕ್ಕ ಹೋಗೂದನ್ನ ನಾ ತೊಳದು ಬಣ್ಣ ಹಾಕ್ತೀನಿ, ಅಷ್ಟ."

ನಾಚಿಕೆಯಾಯಿತು. ಒಳಗೆ ಹೋಗಿ ಕುಳಿತೆ. ಕುಳಿತವಳು ನಿಧಾನಕ್ಕೆ ಕೆಲಸವನ್ನೂ ಕಲಿತೆ. ಗರಿಯ ಜಿಡ್ಡನ್ನು ಸೋಪಿನ ನೀರಲ್ಲಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಹತ್ತುವುದಿಲ್ಲ. ಪಾತ್ರೆಯಿಂದ ಹಬೆ ಏಳಬೇಕು, ಕುದಿ ಬರಬಾರದು. ಬಣ್ಣ ಹಿಡಿದು ನಿಲ್ಲಲು ಕಡೆಗೆ ಸಿರ್ಕಾ. ಕಾರ್ಖಾನೆಯ ಚೀಟಿಯಲ್ಲಿದ್ದ ಇಂಗ್ಲಿಷ್ ಹೆಸರುಗಳನ್ನು ಮಾವಶಿ ಓದುತ್ತಿರಲಿಲ್ಲ. ಅವರಿಗೆ ಬಣ್ಣಗಳೆಂದರೆ ಅಗಸಿ, ಬೆಲ್ಲ, ಹೆಸರುಕಾಳು. ಬಣ್ಣ ಬಂತೋ ಇಲ್ಲವೋ ಎಂದು ನೋಡಲು ಒಣಗಿದ ಗರಿಯನ್ನು ಮತ್ತೆ ನೀರಲ್ಲಿ ಅದ್ದಿ ಬೆಳಕಿಗೆ ಎತ್ತಿ ಹಿಡಿಯುತ್ತಿದ್ದರು. ಯಾಕೆ ಎಂದರೆ, "ಮೀನ ಒಣಗಿದ್ದು ಎಲ್ಲಿ ನೋಡ್ತದ?" ಅನ್ನುತ್ತಿದ್ದರು.

ಒಂದು ಶ್ರಾವಣದಲ್ಲಿ ಅವರ ಕಣ್ಣಿನ ಆಪರೇಷನ್ ಆಯಿತು. ಹಬೆಯ ಹತ್ತಿರ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಅದೇ ವಾರ ಹೆಸರುಕಾಳಿನ ಬಣ್ಣದ ದೊಡ್ಡ ಆರ್ಡರ್ ಬಂತು. "ನೀ ಹಾಕು, ನಿನಗ ಬರ್ತದ" ಎಂದು ಗರಿಯ ಚೀಲ ನನ್ನ ಕೈಗಿಟ್ಟರು.

ಸಿರ್ಕಾ ಹೆಂಡದಿಂದಾಗುತ್ತದೆ, ಶ್ರಾವಣದಲ್ಲಿ ಮುಟ್ಟಬಾರದು ಎಂದು ಯಾರೋ ಹೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮಾವಶಿಯ ಮುಂದೆ ಹೇಳಲು ಸಂಕೋಚ. ಹುಳಿ ತಾನೇ ಬೇಕು ಎಂದು ಹುಣಸೆಹಣ್ಣು ಹಿಂಡಿ ಹಾಕಿದೆ. ಗರಿಗಳು ಕೆಸರಿನಲ್ಲಿ ಬಿದ್ದೆದ್ದಂತಾದವು. ಒಣಗಿದರೆ ಸರಿಹೋದೀತು ಎಂದು ಫ್ಯಾನಿನ ಕೆಳಗೆ ಹರಡಿ, ಮನಸ್ಸಿನಲ್ಲೇ ನೂರೆಂಟು ಸಲ ಶಿವನ ಹೆಸರು ಹೇಳಿದೆ. ಸರಿಹೋಗಲಿಲ್ಲ. ಮಾವಶಿಯ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂದ. ಗಂಟು ಹಾಗೆಯೇ ಕಾರ್ಖಾನೆಗೆ ಹೋಯಿತು. ಕೈಹಿಡಿದು ಕರೆದುಕೊಂಡು ಹೋದವಳು ನಾನೇ.

ಕಾರ್ಖಾನೆಯ ಮಾಲೀಕ ಸೇಟ್ ಗಂಟು ಬಿಚ್ಚಿ ನೋಡಿ, "ಯೇ ನಹೀ ಚಲೇಗಾ ಮಾವಶಿ. ಶನಿವಾರ್ ತಕ್ ಸಹೀ ನಹೀ ಆಯಾ ತೊ ರೆಡಿ ಮಾಲ್ ಮಂಗವಾಊಂಗಾ" ಎಂದರು. ಶನಿವಾರದೊಳಗೆ ನಮ್ಮದು ಸರಿಯಾಗದೆ, ಬಣ್ಣ ಹಾಕಿದ ಮಾಲು ಹೊರಗಿನಿಂದ ಬರತೊಡಗಿದರೆ ಮಾವಶಿಯ ಕೆಲಸ ಅಲ್ಲಿಗೆ ಮುಗಿದಂತೆ.

ಮಾವಶಿ ನನ್ನತ್ತ ತಿರುಗಲೂ ಇಲ್ಲ. "ಮೇರೀ ಗಲತೀ ಹೈ ಸೇಟ್. ಆಂಖ್ ಸೆ ದಿಖಾ ನಹೀ" ಎಂದು ತಪ್ಪನ್ನು ತಮ್ಮ ಕಣ್ಣಿನ ಮೇಲೆ ಹಾಕಿಕೊಂಡು ಗಂಟು ಕಟ್ಟಿಕೊಂಡರು.

ದಾರಿಯಲ್ಲಿ ನನ್ನಿಂದ ತಡೆಯಲಾಗಲಿಲ್ಲ. ಅಳುತ್ತ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಅಲ್ಲೇ ನಿಂತರು.

"ಮೊದಲ ಹೇಳಬಾರದೇನ? ಗರಿಗೆ ಹುಳಿ ಬೇಕು. ಸಿರ್ಕಾನ ಬೇಕಂತ ಹಟ ಹಿಡದದೇನ ಅದು? ಹುಣಸಿಗೆ ತಂದ ಬಣ್ಣ ಅದ, ಅದಕ್ಕ ಕೆಟ್ಟದ. ನಿಂಬಿಹಣ್ಣು ನಿನ್ನ ದೇವರಿಗೆ ನಡೀತದೊ?"

"ನಡೀತದರಿ."

ನಾಕಾದ ಚೌಕದಲ್ಲಿ ಎರಡು ಡಜನ್ ನಿಂಬೆಹಣ್ಣು ಕೊಂಡರು.

ಮರುದಿನ ಹೊಸ ಗರಿ ತೊಳೆದು ಒಲೆ ಹಚ್ಚಿದೆ. ಮಾವಶಿ ಹೊಸ್ತಿಲಲ್ಲಿ ಹಬೆಗೆ ಬೆನ್ನು ಮಾಡಿ ಕುಳಿತರು.

"ಈಗ ಹೆಂಗ ಅದ?"

"ಹೆಸರುಕಾಳಿನಂಗ ಅದರಿ."

"ಹೊಸಾದೊ, ಹಳೇದೊ?"

"ಹೊಸಾದು."

"ಹಂಗಾರ ಇನ್ನಷ್ಟು ಕೂಡ್ಲಿ. ಡಬ್ಬಿ ತಳದಾಗ ವರ್ಷಗಟ್ಲೆ ಇದ್ದ ಕಾಳಿನಂಗ ಆಗಬೇಕು."

ನಾನು ಡಬ್ಬಿಯಿಂದ ಒಂದು ಹಿಡಿ ಕಾಳು ತಂದು ಒಲೆಯ ಪಕ್ಕದಲ್ಲಿಟ್ಟುಕೊಂಡೆ. ಗರಿ ನೋಡುವುದು, ಕಾಳು ನೋಡುವುದು. ಕೊನೆಗೆ "ಹಳೇದಾತ್ರಿ" ಅಂದೆ. "ಹಿಂಡು ನಿಂಬಿಹಣ್ಣು" ಅಂದರು. ಪಾತ್ರೆಯ ನೀರು ತಿಳಿಯಾಗುತ್ತ ಬಂತು, ಬಣ್ಣವೆಲ್ಲ ಗರಿಗೆ ಹೋಗಿ ಕೂತಿತು.

ಶನಿವಾರ ಸೇಟ್ ಮುಂದೆ ಮಾವಶಿ ಒಂದು ಗ್ಲಾಸ್ ನೀರು ತರಿಸಿದರು. ಅವರ ಮಾದರಿಯ ಗರಿಯನ್ನೂ ನಮ್ಮದನ್ನೂ ಅದ್ದಿ ಕಿಟಕಿಗೆ ಹಿಡಿಯಿರಿ ಎಂದರು. ಸೇಟ್ ಎರಡನ್ನೂ ತಿರುಗಿಸಿ ನೋಡಿದರು. ಯಾವುದು ಯಾರದು ಎಂದು ಅವರಿಗೇ ತಿಳಿಯದೆ ನಮ್ಮದನ್ನೇ ತಮ್ಮ ಮಾದರಿಯ ಚೀಟಿಗೆ ಅಂಟಿಸಹೋದರು. ಕಣ್ಣಿಗೆ ಪಟ್ಟಿ ಇದ್ದೂ ಇಷ್ಟು ಚೆನ್ನಾಗಿ ಹೇಗೆ ಹಾಕಿದಿರಿ ಎಂದು ಕೇಳಿದರು.

"ಮೈನೆ ನಹೀ. ಇಸ್ನೆ. ಮೈ ತೊ ದರವಾಜೆ ಪೆ ಬೈಠೀ ಥೀ." ಹಾಕಿದವರು ತಾವಲ್ಲ, ಇವಳು ಎಂದು ಕಾರ್ಖಾನೆಯ ಕೆಲಸದವರೆಲ್ಲರ ಎದುರು ನನ್ನತ್ತ ಕೈ ತೋರಿಸಿದರು.

ನನ್ನ ಮದುವೆಯಲ್ಲಿ ಕೂಡ ಯಾರೂ ನನ್ನನ್ನು ಅಷ್ಟು ಜನರ ಮುಂದೆ ಹಾಗೆ ತೋರಿಸಿರಲಿಲ್ಲ.

ನಾವು ಧಾರಾವಿ ಬಿಟ್ಟು ಮುಲುಂಡಕ್ಕೆ ಬರುವವರೆಗೆ ಪ್ರತಿ ಶ್ರಾವಣದಲ್ಲೂ ಆ ಮನೆಯಲ್ಲಿ ಸಿರ್ಕಾದ ಬಾಟಲಿ ಕಾಣಲಿಲ್ಲ. ಅವರಿಗೆ ಯಾವ ವ್ರತವೂ ಇರಲಿಲ್ಲ...

ಕಷ್ಟದಲ್ಲೂ ದೇವರ ದಯೆಯಿಂದ ಸಿಕ್ಕದ್ದನ್ನು ಎಣಿಸುವ ರೂಢಿ ನನಗೆ. ಮಾವಶಿ ನಿದ್ದೆಯಲ್ಲೇ ಹೋದರಂತೆ, ಒಂದು. ಮಗಳು ಪಕ್ಕದಲ್ಲೇ ಮಲಗಿದ್ದಳಂತೆ, ಎರಡು. ಮುಂದೆ ಎಣಿಸಲಾಗಲಿಲ್ಲ. ಬರುವ ವಾರ ಅವರನ್ನು ನೋಡಲು ಹೋಗುತ್ತೇನೆ ಎನ್ನುತ್ತ ಎರಡು ವರ್ಷ ಕಳೆದಿದ್ದೆ.

ಫೋನ್ ಇಡುವ ಮೊದಲು ಮಗಳು ಕೇಳಿದಳು, "ಆಂಟಿ, ಡೆತ್ ಸರ್ಟಿಫಿಕೇಟ್ ಫಾರ್ಮ್‌ದಾಗ ಅವ್ವನ ಕಾಮ್ ಏನ್ ಬರೀಲಿ? ಹೌಸ್‌ವೈಫ್ ಚಲೇಗಾ ನಾ?"

"ಬ್ಯಾಡವಾ," ಅಂದೆ. "ಬಣ್ಣ ಹಾಕಾಕಿ ಅಂತ ಬರಿ. ಮರಾಠಿಯಾಗ ಬರೀತಿಯೊ ಇಂಗ್ಲಿಷಿನಾಗ ಬರೀತಿಯೊ, ಅದನ್ನ ಬರಿ."

ಅವಳು "ಹಾಂ ಆಂಟಿ" ಅಂದಳು. ಬರೆಯುವ ಸದ್ದು ಕೇಳಿಸಿತು.

ಹೊರಗೆ ಮೋಡ ಕಟ್ಟಿತ್ತು. ಕೈ ತೊಳೆದುಕೊಂಡು ಬಾಲ್ಕನಿಯ ಬಟ್ಟೆ ತೆಗೆಯಲು ಹೋದೆ.